ಹಂಚಿನ ಬೆನ್ನ ಮೇಲಿನ ಹೆಸರು: ಈ ವಾರ ಬರೀ ಮಿಷನರಿ ಪ್ರಶ್ನೆಗಳು

ಎರಡು ವಾರದ ಹಿಂದೆ ಕರಾವಳಿಯ ಹಳೇ ಮನೆಗಳ ಬಗ್ಗೆ ಯಾರೋ ಕೇಳಿದ್ರು ಅಂತ ಉತ್ತರ ಬರೀತಾ ಬಾಸೆಲ್ ಮಿಷನ್ ಹಂಚು ಅಂತ ಒಂದು ಮಾತು ಹಾಕಿದ್ದೆ, ಅಷ್ಟೇ. ಅವತ್ತಿಂದ ಪತ್ರದ ಮೇಲೆ ಪತ್ರ. ಮಿಷನರಿಗಳು ದೇವರಂಥೋರು ಅಂತ ಒಂದಷ್ಟು, ಊರು ಹಾಳು ಮಾಡಿದೋರು ಅಂತ ಒಂದಷ್ಟು, ಇನ್ನು ಕೆಲವು ನಿಜವಾಗ್ಲೂ ತಿಳ್ಕೊಳೋಕೆ ಅಂತ ಕೇಳಿರೋವು. ಬೈದಿರೋದನ್ನ ಪಕ್ಕಕ್ಕಿಟ್ಟು (ಎರಡೂ ಕಡೆಯವ್ರು ಚೆನ್ನಾಗೇ ಬೈದಿದೀರಿ, ಬೇಜಾರೇನಿಲ್ಲ) ಈ ವಾರದ ಅಂಕಣ ಪೂರ್ತಿ ಇದಕ್ಕೇ. ಹೆಸರು ಹಾಕ್ಬೇಡಿ ಅಂತ ಸುಮಾರು ಜನ ಕೇಳಿರೋದ್ರಿಂದ ಯಾರ ಹೆಸರೂ ಹಾಕಿಲ್ಲ, ಊರು ಮಾತ್ರ.

ಶಿರಸಿ: ಅಜ್ಜನ ಮನೆ ಮಾಡು ಬಿಚ್ಚಿಸುವಾಗ ಹಂಚಿನ ಹಿಂದೆ ಬಾಸೆಲ್ ಮಿಷನ್ ಅಂತ ಅಚ್ಚು ಕಂಡಿತು. ಧರ್ಮ ಪ್ರಚಾರಕ್ಕೆ ಬಂದವರು ಹಂಚು ಯಾಕೆ ಮಾಡಿದರು? ದುಡ್ಡಿಗಾಗಿಯೇ?

ದುಡ್ಡೂ ಹೌದು. ಆದ್ರೆ ಕಥೆ ಶುರುವಾಗೋದು ದುಡ್ಡಿಂದ ಅಲ್ಲ, ಶೇಂದಿಯಿಂದ.

ಬಾಸೆಲ್ ಅನ್ನೋದು ಸ್ವಿಟ್ಜರ್ಲೆಂಡಿನ ಒಂದು ಊರು. 1815ರಲ್ಲಿ ಅಲ್ಲಿ ಈ ಮಿಷನ್ ಹುಟ್ತು, ಅದರಿಂದ ಇಲ್ಲಿಗೆ ಬಂದೋರಲ್ಲಿ ಬಹಳ ಜನ ಪಕ್ಕದ ಜರ್ಮನಿಯವ್ರು. ಕಂಪನಿ ಸರ್ಕಾರ ಬ್ರಿಟಿಷರಲ್ಲದ ಮಿಷನರಿಗಳನ್ನ ಒಳಗೆ ಬಿಡ್ತಿರ್ಲಿಲ್ಲ, 1833ರ ಚಾರ್ಟರ್ ಕಾಯಿದೆ ಬಂದ್ಮೇಲೆ ದಾರಿ ಆಯ್ತು, ಮಾರನೇ ವರ್ಷ ಅಕ್ಟೋಬರ್‌ನಲ್ಲೇ ಹೆಬಿಕ್, ಲೆಹ್ನರ್, ಗ್ರೈನರ್ ಅನ್ನೋ ಮೂರು ಜನ ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದ್ರು. ಬಂದು ತುಳು ಕಲ್ತ್ರು, ಕನ್ನಡ ಕಲ್ತ್ರು, ಸಂತೆ, ಜಾತ್ರೆ ಅಂತ ಜನ ಸೇರೋ ಕಡೆ ನಿಂತು ಮಾತಾಡಿದ್ರು. ಕೇಳಿದೋರಲ್ಲಿ ಒಳಗೆ ಬಂದೋರು ಹೆಚ್ಚಾಗಿ ಬಿಲ್ಲವರು. ಬಿಲ್ಲವರ ಕಸುಬು ಮೂರ್ತೆ, ಅಂದ್ರೆ ತಾಳೆ ತೆಂಗಿನ ಮರ ಹತ್ತಿ ಶೇಂದಿ ಇಳಿಸೋದು. ಮಿಷನ್ನಿನವರಿಗೆ ಶೇಂದಿ ಅಂದ್ರೆ ಪಾಪದ ಪದಾರ್ಥ, ಸಭೆಗೆ, ಅಂದ್ರೆ ಅವರ ಚರ್ಚಿಗೆ, ಸೇರಿದೋರು ಮೂರ್ತೆ ಮಾಡೋ ಹಾಗಿಲ್ಲ. ಸರಿ, ಮರ ಹತ್ತೋದು ಬಿಟ್ಟ. ಜಾತಿಯಿಂದ ಹೊರಗಾದ, ಅಳಿಯಕಟ್ಟಿನ (ತಾಯಿ ಕಡೆಯಿಂದ ಆಸ್ತಿ ಬರೋ) ಕುಟುಂಬದ ಮನೆಯಿಂದ ಹೊರಗಾದ, ಗೇಣಿಗೆ ಮಾಡ್ತಿದ್ದ ಗದ್ದೆ ಧಣಿ ವಾಪಸ್ ಕಿತ್ಕೊಂಡ ಅಂದ್ರೆ ಅದೂ ಹೋಯ್ತು. ಈಗ ಅವನ ಹೊಟ್ಟೆಪಾಡು? ಸ್ವರ್ಗದ ಮಾತಾಡಿದೋರು ಸಂಜೆ ಗಂಜಿಗೂ ಏನಾದ್ರೂ ಹೇಳ್ಬೇಕಲ್ಲ.

ಅಲ್ಲಿಂದ ಅವರ ಪ್ರಯೋಗಗಳು. ಬಡಗಿ ಕೆಲಸ ಆಯ್ತು, ಗಡಿಯಾರದ ಕೆಲಸ ಕಲಿಸೋಕೆ ಹೋಗಿ ಕೈ ಸುಟ್ಕೊಂಡಿದ್ದಾಯ್ತು (1840ರ ದಶಕದ ಮಂಗಳೂರಲ್ಲಿ ಗಡಿಯಾರ ಯಾರಿಗೆ ಬೇಕಿತ್ತೋ!), ನೇಯ್ಗೆ ಮಾತ್ರ ಕೈ ಹಿಡೀತು. ಹ್ಯಾಲರ್ ಅನ್ನೋ ನೇಕಾರ ಬಂದ್ಮೇಲೆ ಮಿಷನ್ ಬಟ್ಟೆಗೆ ಹೆಸರೂ ಬಂತು. ಖಾಕಿ ಬಣ್ಣ ಜಗತ್ತಿಗೆ ಕೊಟ್ಟಿದ್ದೇ ಈ ಹ್ಯಾಲರ್ ಅಂತ ಮಂಗಳೂರಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ, ನಾನೂ ಚಿಕ್ಕವನಿದ್ದಾಗ ಎದೆ ಉಬ್ಬಿಸಿ ಹೇಳ್ತಿದ್ದೆ, ಆದ್ರೆ ಪೇಶಾವರದ ಕಡೆ ಗೈಡ್ಸ್ ಅನ್ನೋ ಪಡೆ ಅದಕ್ಕೂ ಮುಂಚೆನೇ ಮಣ್ಣು ಬಣ್ಣದ ಬಟ್ಟೆ ಹಾಕ್ತಿತ್ತು, ಖಾಕಿ ಅನ್ನೋ ಮಾತೇ ಪರ್ಷಿಯನ್ ಭಾಷೆ ಕಡೆಯ 'ಧೂಳು'. ಹ್ಯಾಲರ್ ಹೆಸರಿಗೆ ನಿಲ್ಲೋದು ಇಲ್ಲಿ ಬಣ್ಣ ಹಾಕಿ ನೇಯಿಸಿದ ಬಟ್ಟೆ, ಪೂರ್ತಿ ಖಾಕಿ ಅಲ್ಲ.

ಹಂಚಿಗೆ ಬರೋಣ. 1865ರಲ್ಲಿ ಪ್ಲೆಬ್ಸ್ಟ್ ಅನ್ನೋರು ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ರು. ಈ ಮನುಷ್ಯ ಮೊದ್ಲು ಬಂದಿದ್ದು ಪ್ರಿಂಟಿಂಗ್ ಪ್ರೆಸ್ ಕೆಲಸಕ್ಕೆ, ಆಮೇಲೆ ಹಂಚಿನ ವಿದ್ಯೆ ಕಲ್ತು ಮಾಡಿದ್ದು. ನೇತ್ರಾವತಿ ದಂಡೆಯ ಜೇಡಿಮಣ್ಣು ಕಾಲಬುಡದಲ್ಲೇ, ಸಾಗ್ಸೋಕೆ ದೋಣಿ, ಸುಡೋಕೆ ಸೌದೆ. ಅಲ್ಲಿವರೆಗೆ ನಮ್ಮ ಜನಕ್ಕೆ ಇದ್ದಿದ್ದು ಮುಳಿಹುಲ್ಲಿನ ಮಾಡು, ವರ್ಷಾ ವರ್ಷ ಹೊದಿಸ್ಬೇಕು, ಬೆಂಕಿ ಭಯ ಬೇರೆ, ಅನುಕೂಲಸ್ಥರಿಗೆ ನಾಡ ಹಂಚು. ಈ ಹೊಸ ಹಂಚಲ್ಲಿ ಒಂದರ ಅಂಚಿಗೆ ಇನ್ನೊಂದು ಕಚ್ಚಿಕೊಳ್ಳೋ ಗಾಡಿ (ಉದ್ದಕ್ಕೆ ಕೊರೆದ ಗೆರೆ) ಇರುತ್ತೆ ನೋಡಿ, ಆ ಒಂದು ಗಾಡಿಗೆ ನಮ್ಮ ಆಷಾಢದ ಮಳೆ ಸೋತಿದ್ದು. ನಮ್ಮ ಅತ್ತೆ ಮನೆ ಪುತ್ತೂರು ಕಡೆ, ಐದಾರು ವರ್ಷದ ಹಿಂದೆ ಹಟ್ಟಿ ಮಾಡು ಇಳಿಸುವಾಗ ನಾನೂ ಹಂಚು ದಾಟಿಸೋ ಸಾಲಲ್ಲಿ ನಿಂತಿದ್ದೆ. ಪಾಚಿ ಉಜ್ಜಿದ್ರೆ ಹಿಂದೆ ಇಂಗ್ಲಿಷ್ ಅಕ್ಷರದಲ್ಲಿ ಮಿಷನ್ ಹೆಸರು, ಮಂಗಳೂರು ಅಂತ. ಒಂದು ಹಂಚಿನ ಮೂಲೆಯಲ್ಲಿ ಮಾತ್ರ ಹಸಿ ಇರುವಾಗ ಎತ್ತಿದ್ದ ಯಾರದೋ ಹೆಬ್ಬೆರಳ ಗುರುತು, ಗೆರೆ ಗೆರೆ ಎಣಿಸ್ಬಹುದು ಹಾಗೆ. ಅದನ್ನ ಮಾತ್ರ ಹಂಚು ಸಾಗಿಸೋ ಗಾಡಿಗೆ ಹಾಕೋಕೆ ಬಿಡ್ಲಿಲ್ಲ ನಾನು, ಈಗ ಮನೇಲಿ ಪುಸ್ತಕಕ್ಕೆ ಆನಿಕೆ.

ಇನ್ನು ನಿಮ್ಮ 'ದುಡ್ಡಿಗಾ' ಅನ್ನೋ ಪ್ರಶ್ನೆ. ಲಾಭ ಬಂತು, ಮಿಷನ್ ಕೆಲಸಕ್ಕೇ ಹೋಯ್ತು. ಆದ್ರೆ ಬರೀ ಧರ್ಮಕಾರ್ಯ ಅಂತ ಹೇಳಿ ಕೈ ತೊಳ್ಕೊಳೋಕೂ ಆಗಲ್ಲ. ಯಾಕಂದ್ರೆ ಕೆಲಸ ಕೊಡೋ ಸಾಹುಕಾರ, ಇರೋಕೆ ಜಾಗ ಕೊಡೋ ಧಣಿ, ಭಾನುವಾರ ಎದುರು ನಿಂತು ಬುದ್ಧಿ ಹೇಳೋ ಅಯ್ಯನವ್ರು ಮೂರೂ ಒಂದೇ ಮಿಷನ್. ಕುಡಿದು ಸಿಕ್ಕಿಬಿದ್ದ ಅಂದ್ರೆ ಸಭೆಯ ಶಿಸ್ತಿಗೂ ಒಳಗಾದ, ಕೆಲಸಕ್ಕೂ ಸಂಚಕಾರ. ಹಳೇ ಧಣಿಯಿಂದ ತಪ್ಪಿಸ್ಕೊಂಡು ಹೊಸ ಧಣಿ ಕೈಗೆ ಬಿದ್ದ ಹಾಗೆ ಅನ್ನಿಸಿದೋರು ಇದ್ದೇ ಇರ್ತಾರೆ. ಆದ್ರೂ ಹೋದೋರು ಹೋದ್ರು, ಯಾಕಂದ್ರೆ ಹಳೇ ಧಣಿ ಇವರ ಮಕ್ಕಳಿಗೆ ಅಕ್ಷರ ಕಲಿಸ್ತಿರ್ಲಿಲ್ಲ. 1914ರ ಯುದ್ಧದಲ್ಲಿ ಜರ್ಮನ್ನರು ಅಂತ ಮಿಷನರಿಗಳನ್ನ ಬ್ರಿಟಿಷರು ಹಿಡಿದು ಕೂರಿಸಿದ್ರು, ಆಮೇಲೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದ್ವು. ನಿಮ್ಮ ಅಜ್ಜನ ಮನೆ ಹಂಚಲ್ಲಿ ಮಿಷನ್ ಹೆಸರೇ ಇದೆ ಅಂದ್ರೆ ಅದು ಆ ಕೈ ಬದಲಾಗೋಕೆ ಮುಂಚಿನ ಮಾಲು ಅಂತ ಲೆಕ್ಕ. ಮಾರ್ಬೇಡಿ.

ಬಳ್ಳಾರಿ: ನಾನು ಹೈಸ್ಕೂಲ್ ಮೇಷ್ಟ್ರು. ಜುಲೈ 1ಕ್ಕೆ ಪತ್ರಿಕಾ ದಿನಾಚರಣೆ ಅಂತ ಭಾಷಣ ಮಾಡಿದ್ದಕ್ಕೆ, 'ಮಂಗಳೂರ ಸಮಾಚಾರ' ಮತಾಂತರಕ್ಕೆ ಹೊರಡಿಸಿದ್ದು, ಅದನ್ನೇನು ಹೊಗಳ್ತೀರಿ ಅಂತ ಸ್ಟಾಫ್ ರೂಮಲ್ಲಿ ಒಬ್ಬರು ಗಲಾಟೆ ಮಾಡಿದರು. ಏನು ಹೇಳಲಿ?

ಮೇಷ್ಟ್ರೇ, ಮೊದ್ಲು ನಿಮ್ಮ ಊರಿನ ಹಕ್ಕು ನೀವು ಕೇಳಿ. 1843ರ ಜುಲೈ 1ಕ್ಕೆ ಮಂಗಳೂರಲ್ಲಿ ಹುಟ್ಟಿದ ಆ ಪತ್ರಿಕೆ ಮಾರನೇ ವರ್ಷ ಬಂದಿದ್ದು ನಿಮ್ಮ ಬಳ್ಳಾರಿಗೇ. ಮಂಗಳೂರಲ್ಲಿ ಇದ್ದಿದ್ದು ಕಲ್ಲಚ್ಚು, ಕೈಯಲ್ಲಿ ಬರೆದಿದ್ದನ್ನ ಕಲ್ಲಿನ ಮೇಲೆ ಇಳಿಸಿ ಹಾಳೆ ಒತ್ತಿ ತೆಗೆಯೋದು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನವರ ಪ್ರೆಸ್ಸಲ್ಲಿ ಅಚ್ಚಿನ ಮೊಳೆ ಇತ್ತು, ಅಲ್ಲಿಗೆ ಹೋಗಿ ಅದು 'ಕನ್ನಡ ಸಮಾಚಾರ' ಆಯ್ತು. ಈ ಲಂಡನ್ ಮಿಷನ್ನಿನವರು ಬಾಸೆಲ್‌ನವರಿಗಿಂತ ಹಳಬರು, ಜಾನ್ ಹ್ಯಾಂಡ್ಸ್ 1810ರಲ್ಲೇ ಬಳ್ಳಾರಿ ಸೇರಿ ಕನ್ನಡ ಬೈಬಲ್ಲಿಗೆ ಕೂತಿದ್ದವ್ರು.

ಇನ್ನು ಜಗಳದ ವಿಷಯ. ಪತ್ರಿಕೆ ಮಾಡಿದ ಹರ್ಮನ್ ಮೊಗ್ಲಿಂಗ್ 1836ರಲ್ಲಿ ಈ ದೇಶಕ್ಕೆ ಬಂದಿದ್ದು ಪ್ರಚಾರಕ್ಕೇ, ಅದನ್ನ ಅವರೂ ಮುಚ್ಚಿಟ್ಟಿಲ್ಲ, ನಾವ್ಯಾಕೆ ಮುಚ್ಚಿಡ್ಬೇಕು. ಆದ್ರೆ ಪತ್ರಿಕೆಯಲ್ಲಿ ಇದ್ದಿದ್ದು ಊರ ಸುದ್ದಿ, ಸರ್ಕಾರದ ಹುಕುಂಗಳು, ದೂರದೇಶದ ವರ್ತಮಾನ, ಕಥೆ, ನೀತಿ. ಹದಿನೈದು ದಿನಕ್ಕೊಂದು ಸಂಚಿಕೆ, ನಾಲ್ಕು ಪುಟ. ಮತಪ್ರಚಾರಕ್ಕೆ ಅವ್ರ ಹತ್ರ ಬೇರೆ ಕರಪತ್ರಗಳು ಇದ್ವು, ಅದೇ ಕಲ್ಲಚ್ಚಲ್ಲಿ ಹಿಂದಿನ ವರ್ಷವೇ ಮತ್ತಾಯನ ಸುವಾರ್ತೆ ತುಳುವಲ್ಲಿ ಅಚ್ಚಾಗಿತ್ತು. ಅದನ್ನ ಕನ್ನಡ ಅಕ್ಷರದಲ್ಲಿ ಹಾಕಿದ್ರು ನೋಡಿ, ತುಳು ಪುಸ್ತಕ ಕನ್ನಡ ಅಕ್ಷರದಲ್ಲೇ ಬರೋ ರೂಢಿ ಗಟ್ಟಿಯಾಗೋಕೆ ಅದೂ ಒಂದು ಕಾರಣ.

ನಿಮ್ಮ ಸಹೋದ್ಯೋಗಿಗಳ ಹತ್ರ ನಾನಾಗಿದ್ರೆ ಇನ್ನೊಂದು ಕೇಳ್ತಿದ್ದೆ. ಇದೇ ಮೊಗ್ಲಿಂಗ್ ಮೈಸೂರಲ್ಲಿ ಬ್ರಿಟಿಷರ ಪ್ರತಿನಿಧಿ, ರೆಸಿಡೆಂಟ್, ಆಗಿದ್ದ ಕಾಸಮೇಜರ್ ಕೊಟ್ಟ ಹಣದಲ್ಲಿ 1848ರಿಂದ 'ಬಿಬ್ಲಿಯೋಥೆಕಾ ಕರ್ನಾಟಿಕಾ' ಅಂತ ಮಾಲೆ ಶುರು ಮಾಡಿ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನ ಅಚ್ಚು ಹಾಕಿಸಿದ್ರಲ್ಲ, ಅದು ಯಾವ ಮತಾಂತರಕ್ಕೆ? ನಿಮ್ಮ ದೇವರು ಸುಳ್ಳು ಅಂತ ಹೇಳೋಕೆ ಬಂದ ಮನುಷ್ಯ ಪುರಂದರದಾಸರ ಪದಗಳನ್ನ ಕೂತು ಕೂತು ಬರೆಸಿ, ತಿದ್ದಿಸಿ, ಕಲ್ಲಚ್ಚಲ್ಲಿ ಹಾಕಿಸ್ತಾರೆ. ಅವರ ಲೆಕ್ಕ ಏನಂದ್ರೆ ಈ ಜನದ ಜೊತೆ ಮಾತಾಡ್ಬೇಕಾದ್ರೆ ಇವರ ಮನಸ್ಸಲ್ಲಿ ಏನಿದೆ ಅಂತ ಗೊತ್ತಿರ್ಬೇಕು, ಹೊಸದಾಗಿ ಬರೋ ಮಿಷನರಿ ಹುಡುಗ್ರು ಇದನ್ನ ಓದಿ ಕನ್ನಡ ಕಲೀಬೇಕು. ಉದ್ದೇಶ ಅವರದು, ಪುಸ್ತಕ ಉಳಿದಿದ್ದು ನಮಗೆ. ಜುಲೈ 1ರ ಭಾಷಣ ಧೈರ್ಯವಾಗಿ ಮಾಡಿ, ಎರಡೂ ಹೇಳಿ, ಒಂದನ್ನ ಬಿಟ್ಟು ಇನ್ನೊಂದು ಹೇಳಿದ್ರೆ ಮಾತ್ರ ಸ್ಟಾಫ್ ರೂಮಲ್ಲಿ ಸೋಲ್ತೀರಿ.

ಕುಂದಾಪುರ: ಪಾದ್ರಿ ಅನ್ನೋದು ಬೈಗುಳವೇ? ಗೆಳೆಯನೊಬ್ಬ ಸಿಟ್ಟಾದ.

ಮೂಲದಲ್ಲಿ ಅಲ್ಲ. ಪೋರ್ಚುಗೀಸರ 'ಪಾದ್ರೆ', ತಂದೆ ಅಂತ ಅರ್ಥ. ಅದೇ ದೋಣೀಲಿ ಇಗರ್ಜಿ ಬಂತು, ಮೇಜು ಬಂತು, ಜನೇಲು ಬಂತು, ಅವನ್ನ ಯಾರೂ ಬೈಗುಳ ಅನ್ನಲ್ಲ. ಆದ್ರೆ ಮಾತು ಯಾವ ಬಾಯಲ್ಲಿ ಹೇಗೆ ಬರುತ್ತೆ ಅನ್ನೋದೂ ಇದೆ, ಎದುರಿಗೆ ಕರೆಯುವಾಗ ಕಥೋಲಿಕರಾದ್ರೆ ಫಾದರ್, ಧರ್ಮಗುರುಗಳೇ ಅನ್ನಿ, ಪ್ರಾಟೆಸ್ಟೆಂಟರಾದ್ರೆ ಅಯ್ಯನವ್ರು, ಸಭಾಪಾಲಕರು ಅನ್ನಿ, ಜಗಳವೇ ಇಲ್ಲ. ಇವೆರಡು ಬೇರೆ ಬೇರೆ ಅನ್ನೋದೇ ಬಹಳ ಜನಕ್ಕೆ ಗೊತ್ತಿಲ್ಲ, ಮಂಗಳೂರಿನ ಕ್ರೈಸ್ತರೆಲ್ಲ ಜರ್ಮನ್ನರ ಕಾಲದಲ್ಲಿ ಆದೋರು ಅಂತ ಮೂರು ಪತ್ರ ಬಂದಿದೆ. ಅಲ್ಲ. ಕೊಂಕಣಿ ಮಾತಾಡೋ ಡಿಸೋಜ, ಪಿಂಟೋ, ಲೋಬೋಗಳು ಗೋವಾದಿಂದ ವಲಸೆ ಬಂದೋರು, ಬಾಸೆಲ್‌ನವರು ಹಡಗು ಹತ್ತೋಕೆ ಎಷ್ಟೋ ತಲೆಮಾರು ಮುಂಚೆ. 1784ರಲ್ಲಿ ಟಿಪ್ಪು ಶ್ರೀರಂಗಪಟ್ಟಣಕ್ಕೆ ಎಳ್ಕೊಂಡು ಹೋಗಿದ್ದು ಇವರನ್ನೇ. ತುಳು, ಕನ್ನಡ ಮಾತಾಡೋ ಜತ್ತನ್ನ, ಅಮ್ಮನ್ನ, ಸೋನ್ಸ್ ಇವು ಬಾಸೆಲ್ ಸಭೆಯ ಮನೆತನಗಳು.

ಇನ್ನೊಂದು ತಮಾಷೆ, ಪ್ರಾಟೆಸ್ಟೆಂಟರು ಭಾನುವಾರದ ಉಪದೇಶಕ್ಕೆ 'ಪ್ರಸಂಗ' ಅಂತಾರೆ. ನಮ್ಮ ಕಡೆ ಪ್ರಸಂಗ ಅಂದ್ರೆ ಯಕ್ಷಗಾನದ್ದು. ಪಕ್ಕದ ಮನೆಯವ್ರು 'ಇವತ್ತು ಹೊಸ ಅಯ್ಯನವರ ಪ್ರಸಂಗ ಇದೆ' ಅಂದಿದ್ದಕ್ಕೆ ನಮ್ಮಜ್ಜಿ 'ಯಾವ ಮೇಳ?' ಅಂತ ಕೇಳಿದ್ದು ಈಗ್ಲೂ ನಮ್ಮನೇಲಿ ಓಡುತ್ತೆ.

ಉಡುಪಿ: ಮಿಷನರಿಗಳು ಹೋದಲ್ಲೆಲ್ಲಾ ಜನ ಸುಲಭವಾಗಿ ಮರುಳಾದರು ಅಂತ ಓದಿದ್ದೇನೆ. ನಮ್ಮ ಜನ ಅಷ್ಟು ಮುಗ್ಧರಾಗಿದ್ದರಾ?

ಇದನ್ನ ಓದಿ ನಕ್ಕೆ, ಬೇಜಾರ್ ಮಾಡ್ಕೋಬೇಡಿ. ನಮ್ಮ ಜನನಾ ಮುಗ್ಧರು?

ಉತ್ತರ ಕರ್ನಾಟಕದ್ದು ಕೇಳಿ. ಬಾಸೆಲ್‌ನವರು 1837ರಲ್ಲಿ ಧಾರವಾಡ, ಆಮೇಲೆ ಹುಬ್ಬಳ್ಳಿ ಅಂತ ಮೇಲಕ್ಕೆ ಹೋದಾಗ ಕಾಲಜ್ಞಾನದ ಒಂದು ಪಂಗಡದವರು ತಾವಾಗೇ ಹುಡುಕ್ಕೊಂಡು ಬಂದ್ರು, ನಮ್ಮ ಕಾಲಜ್ಞಾನದಲ್ಲಿ ಹಿಂಗೊಬ್ರು ಬರ್ತಾರೆ ಅಂತ ಇದೆ, ನೀವೇ ಇರ್ಬೇಕು ಅಂತ. ಮಿಷನರಿಗಳಿಗೆ ಆಕಾಶ ಮೂರೇ ಗೇಣು. ಸಾವಿರ ಸಾವಿರ ಜನ ಬರ್ತಾರೆ ಅಂತ ಗದಗ ಬೆಟಗೇರಿ ಹತ್ರ ಮಲಸಮುದ್ರದಲ್ಲಿ ಒಂದು ವಸಾಹತನ್ನೇ ಶುರು ಮಾಡಿದ್ರು. ಬರ್ಲಿಲ್ಲ. ಬಂದು ನೋಡಿದ್ರು, ಮಾತಾಡಿದ್ರು, ತಮ್ಮ ಲೆಕ್ಕಕ್ಕೆ ಕೂಡಲಿಲ್ಲ ಅಂತ ಹೋದ್ರು.

ನಿಮ್ಮ ಕಡೆಯದ್ದೇ ಇನ್ನೂ ಚೆನ್ನಾಗಿದೆ. ಬಿಲ್ಲವರು ಬಾಸೆಲ್ ಸಭೆಗೆ ಹೋಗ್ತಿದ್ದ ಕಾಲದಲ್ಲೇ, 1870ರ ಹೊತ್ತಿಗೆ, ಅರಸಪ್ಪ ಅನ್ನೋ ಬಿಲ್ಲವ ಮುಂದಾಳು ಇವರದ್ದು ಬೇಡ ಅಂತ ಕಲ್ಕತ್ತದ ಬ್ರಹ್ಮ ಸಮಾಜದವರಿಗೆ ಬರೆದು ಕರೆಸ್ಕೊಂಡ್ರು, ಕೇಶವಚಂದ್ರ ಸೇನರ ಕಡೆಯವರು ಮಂಗಳೂರಿಗೇ ಬಂದ್ರು. ಅದೂ ಪೂರ್ತಿ ಹಿಡಿಸ್ಲಿಲ್ಲ. ಕೊನೆಗೆ ಕೇರಳದ ನಾರಾಯಣ ಗುರುಗಳನ್ನ ಕರೆಸಿ 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆ ಮಾಡಿಸ್ಕೊಂಡ್ರು. ನೋಡಿ, ಅವರಿಗೆ ಬೇಕಿದ್ದಿದ್ದು ಏನು ಅಂತ ಅವರಿಗೆ ಸ್ಪಷ್ಟ ಇತ್ತು, ದೇವಸ್ಥಾನದ ಹೊರಗೆ ನಿಲ್ಲಿಸೋ ಬದುಕು ಸಾಕು ಅಂತ. ಅದಕ್ಕೆ ಮೂರು ಅಂಗಡಿ ವಿಚಾರಿಸಿದ್ರು. ಈ ಪೈಪೋಟಿಯಿಂದ ನಮ್ಮೋರೂ ಎದ್ದು ಕೂತ್ರು ಅನ್ನೋದು ಇನ್ನೊಂದು ಕಡೆ. ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗಾಗಿ ಮಂಗಳೂರಲ್ಲಿ 1897ರಲ್ಲಿ ಕಟ್ಟಿದ ಸಂಸ್ಥೆ ಹೆಸರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್. ಆ ಕೊನೇ ಪದ ನೋಡಿದ್ರಾ?

ನಾನು ಧಾರವಾಡದಲ್ಲಿ ಓದುವಾಗ ಸಂತೆ ದಿನ ಒಬ್ರು ಉಪದೇಶಿ ಬರ್ತಿದ್ರು, ವಯಸ್ಸಾಗಿತ್ತು, ಕತ್ತಿಗೆ ಹಾಕ್ಕೊಳೋ ಹಾರ್ಮೋನಿಯಂ, ಜೊತೆಗೆ ದಮಡಿ ಹಿಡಿದ ಒಬ್ಬ ಹುಡುಗ. ಎರಡು ಹಾಡು ಹಾಡಿ ಆಮೇಲೆ ಪ್ರಸಂಗ. ಒಂದಿನ ಒಬ್ಬ ರೈತ ಮೆಣಸಿನಕಾಯಿ ಚೀಲದ ಮೇಲೆ ಕೂತು ಪೂರ್ತಿ ಕೇಳ್ದ, ತಲೆ ಆಡಿಸ್ತಾ ಆಡಿಸ್ತಾ, ನಾನಂತೂ ಇವನು ಬಲೆಗೆ ಬಿದ್ದ ಅಂದ್ಕೊಂಡೆ. ಮುಗಿದ ಮೇಲೆ ಎದ್ದು ಹತ್ರ ಹೋಗಿ, 'ಭಾಳ ಛಲೋ ಹೇಳಿದ್ರಿ ಯಪ್ಪಾ. ನಮ್ಮ ಎತ್ತಿಗೆ ಕಾಲುಬಾಯಿ ಬ್ಯಾನಿ ಬಂದೈತಿ, ನಿಮ್ಮ ಮಿಷನ್ ದವಾಖಾನಿಯೊಳಗ ಅದಕ್ಕೇನರ ಮದ್ದು ಸಿಗತೈತೇನ್ರಿ?' ಅಂದ. ಉಪದೇಶಿ ಒಂದು ಗಳಿಗೆ ಸುಮ್ನಿದ್ರು, ಆಮೇಲೆ ಹಾರ್ಮೋನಿಯಂ ಹುಡುಗನ ಕೈಗೆ ಕೊಟ್ಟು, 'ಅದು ಮಂದೀ ದವಾಖಾನಿ ಮಾರಾಯ, ದನದ ಡಾಕ್ಟರ್ ಗುರ್ತದಾರ, ನಡಿ' ಅಂತ ಅವನ ಜೊತೆ ಹೊರಟೇ ಬಿಟ್ರು. ಫೋಟೋಗಳಲ್ಲಿ ಬಿಳೀ ಸಾಹೇಬ್ರು ಕುರ್ಚಿ ಮೇಲೆ ಕೂತಿರ್ತಾರೆ, ಊರೂರು ಕಾಲು ಸವೆಸಿದ್ದು ಇಂಥ ಉಪದೇಶಿಗಳು, ಸೀರೆಯುಟ್ಟು ಅಡುಗೆಮನೆ ಬಾಗಿಲವರೆಗೂ ಹೋಗ್ತಿದ್ದ ಬೈಬಲ್ ಅಮ್ಮಂದಿರು. ಸಂಬಳ ಕಮ್ಮಿ, ಬೈಗುಳ ಎರಡೂ ಕಡೆಯಿಂದ.

ತುಮಕೂರು: ನನ್ನ ಮಗಳಿಗೆ ಕಾಲೇಜಲ್ಲಿ 'ಅಕ್ಕಿ ಮೂಟೆಗೆ ಆದವರು' ಅಂತ ಹೀಯಾಳಿಸ್ತಾರೆ. ನಾವು ನಾಲ್ಕು ತಲೆಮಾರಿಂದ ಸಭೆಯವರು. ಅವಳಿಗೆ ಏನು ಹೇಳಲಿ?

ಅಮ್ಮಾ, ನಿಮ್ಮ ಪತ್ರ ಎರಡು ಸಲ ಓದ್ದೆ.

ಅಕ್ಕಿ ವಿಷಯ ಮೊದ್ಲು ಹೇಳ್ತೀನಿ, ಯಾಕಂದ್ರೆ ಅದರಲ್ಲಿ ಒಂದು ತುಣುಕು ನಿಜ ಇದೆ, ಅದನ್ನ ಬಚ್ಚಿಡೋದು ಬೇಡ. 1876ರಿಂದ 78ರವರೆಗೆ ಹಳೇ ಮೈಸೂರಲ್ಲಿ ಧಾತು ಈಶ್ವರ ಬರ ಬಂತು, ಆ ಎರಡು ಸಂವತ್ಸರದ ಹೆಸರು ಕೇಳಿದ್ರೆ ನಡುಗೋ ಮುದುಕರು ಬಹಳ ವರ್ಷ ಇದ್ರು. ದಾರಿಯಲ್ಲಿ ಅಪ್ಪ ಅಮ್ಮ ಸತ್ತು ಬಿದ್ದು ಮಕ್ಕಳು ಮಾತ್ರ ಉಳಿದಿದ್ದ ಕಾಲ. ವೆಸ್ಲಿಯನ್ ಮಿಷನ್ನಿನವರು ಅಂಥ ಮಕ್ಕಳಿಗೆ ಅನಾಥಾಲಯ ತೆರೆದ್ರು, ನಿಮ್ಮ ತುಮಕೂರಲ್ಲೂ ಗಂಡು ಮಕ್ಕಳದ್ದು ಇತ್ತು. ಆ ಮಕ್ಕಳು ಕ್ರೈಸ್ತರಾಗೇ ಬೆಳೆದ್ರು. ಅದನ್ನ ಅಕ್ಕಿಗೆ ಆದದ್ದು ಅಂತೀರಾದ್ರೆ ಅನ್ನಿ, ಆದ್ರೆ ಆ ಮಗುವಿಗೆ ಅವತ್ತು ಗಂಜಿ ಹೊಯ್ಯೋಕೆ ಬೇರೆ ಎಷ್ಟು ಕೈ ಮುಂದೆ ಬಂದ್ವು ಅನ್ನೋದನ್ನೂ ಅಂದವರೇ ಹೇಳ್ಲಿ.

ಆದ್ರೆ ಒಟ್ಟಾರೆ ಲೆಕ್ಕ ನೋಡಿದ್ರೆ ಕ್ರೈಸ್ತರಾಗಿ ಗಳಿಸಿದ್ದಕ್ಕಿಂತ ಕಳ್ಕೊಂಡಿದ್ದು ಜಾಸ್ತಿ ಇರೋರೇ ಬಹಳ. ಮತ ಬಿಟ್ಟೋನಿಗೆ ಪಿತ್ರಾರ್ಜಿತ ಆಸ್ತಿ ಕೊಡ್ದೆ ಇರೋ ಹಾಗಿಲ್ಲ ಅಂತ ಕಾಯಿದೆ ಬಂದಿದ್ದೇ 1850ರಲ್ಲಿ, ಅದಕ್ಕೂ ಮುಂಚೆ ಹೋದೋರು ಉಟ್ಟ ಬಟ್ಟೇಲಿ ಹೋದ್ರು. 1844ರಲ್ಲಿ ಮಂಗಳೂರಿನ ಆನಂದರಾವ್ ಕೌಂಡಿನ್ಯ ಅನ್ನೋ ಬ್ರಾಹ್ಮಣ ಹುಡುಗ ದೀಕ್ಷಾಸ್ನಾನ ತಗೊಂಡಾಗ ಊರೇ ಎದ್ದು ನಿಂತಿತ್ತು. ಅವರೇನು ಅಕ್ಕಿಗೆ ಹೋದ್ರಾ? ಬಾಸೆಲ್‌ಗೆ ಹೋಗಿ ಓದಿ 1851ರಲ್ಲಿ ಅಯ್ಯನವರಾಗಿ ವಾಪಸ್ ಬಂದ್ರು, ಕೊಡಗಲ್ಲಿ ಆನಂದಪುರ ಅಂತ ಊರು ಅವರ ಹೆಸರಲ್ಲೇ ಇದೆ.

ಈಗಿನ ಕಾಲಕ್ಕೆ ಬಂದ್ರೂ ಅಷ್ಟೇ. 1950ರ ಪರಿಶಿಷ್ಟ ಜಾತಿ ಆದೇಶದ ಪ್ರಕಾರ ದಲಿತರು ಕ್ರೈಸ್ತರಾದ್ರೆ ಎಸ್‌ಸಿ ಮೀಸಲಾತಿ ಇಲ್ಲ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಸೇರಿಸಿದ್ರು, ಇವರಿಗೆ ಇಲ್ಲ. ಒಂದು ಮೂಟೆ ಅಕ್ಕಿಗೆ ಮಕ್ಕಳ ಸೀಟು, ಕೆಲಸದ ಮೀಸಲಾತಿ ಬಿಟ್ಟು ಕೊಡೋ ವ್ಯಾಪಾರ ಯಾರಾದ್ರೂ ಮಾಡ್ತಾರಾ? ಮಾಡಿದ್ರೆ ಅದು ವ್ಯಾಪಾರ ಅಲ್ಲ, ಬೇರೆ ಏನೋ. ಮಗಳಿಗೆ ವಾದ ಮಾಡು ಅಂತ ನಾನು ಹೇಳಲ್ಲ, ಹತ್ತೊಂಬತ್ತು ವರ್ಷದ ಹುಡುಗಿ ಕ್ಯಾಂಟೀನಲ್ಲಿ ನಿಂತು ಇತಿಹಾಸ ಒಪ್ಪಿಸೋದು ಅವಳ ಕೆಲಸ ಅಲ್ಲ. ಮತ್ತೆ ಮತ್ತೆ ಆಗ್ತಿದ್ರೆ ನೀವೇ ಹೋಗಿ ಪ್ರಿನ್ಸಿಪಾಲರಿಗೆ ಬರವಣಿಗೆಯಲ್ಲಿ ಕೊಡಿ, ಬಾಯಿಮಾತಲ್ಲಿ ಹೇಳಿ ಬರ್ಬೇಡಿ, ಕೊಟ್ಟಿದ್ದರ ಒಂದು ಪ್ರತಿಗೆ ಸೀಲ್ ಹಾಕಿಸ್ಕೊಳ್ಳಿ.

ಬೆಂಗಳೂರು: ನಮ್ಮ ಲೇಔಟಿಗೆ ಶನಿವಾರ ಶನಿವಾರ ಇಬ್ಬರು ಕನ್ನಡ ಪುಸ್ತಿಕೆ ಹಿಡಿದು ಬರ್ತಾರೆ. ಮರ್ಯಾದಸ್ಥರೇ. ಆದರೆ ಇದು ಕಾನೂನುಬದ್ಧವಾ? ಪೊಲೀಸರಿಗೆ ಹೇಳಬೇಕಾ?

ಬಾಗಿಲು ತಟ್ಟಿ ಪುಸ್ತಿಕೆ ಕೊಡೋದು ಅಪರಾಧ ಅಲ್ಲ. ಸಂವಿಧಾನದ 25ನೇ ವಿಧಿಯಲ್ಲಿ ಧರ್ಮ ಆಚರಿಸೋ ಹಕ್ಕಿನ ಜೊತೆಗೇ ಪ್ರಚಾರ ಮಾಡೋ ಹಕ್ಕೂ ಇದೆ, ಸಾರ್ವಜನಿಕ ಶಾಂತಿ, ನೀತಿ, ಆರೋಗ್ಯ ಕೆಡಬಾರ್ದು ಅನ್ನೋ ಷರತ್ತಲ್ಲಿ. ಆದ್ರೆ 1977ರಲ್ಲಿ ಸುಪ್ರೀಂ ಕೋರ್ಟು ಸ್ಟ್ಯಾನಿಸ್ಲಾಸ್ ಕೇಸಲ್ಲಿ ಒಂದು ಗೆರೆ ಎಳೀತು: ನಿನ್ನ ನಂಬಿಕೆ ಏನು ಅಂತ ಹೇಳೋದು ಪ್ರಚಾರ, ಇನ್ನೊಬ್ಬನನ್ನ ಮತಾಂತರ ಮಾಡೋದು ನಿನ್ನ ಹಕ್ಕಲ್ಲ. ಅಂದ್ರೆ ಹೋಗೋದು ಕೇಳೋನ ಹಕ್ಕು, ಕರ್ಕೊಂಡು ಹೋಗೋದು ಹೇಳೋನ ಹಕ್ಕಲ್ಲ. ಕರ್ನಾಟಕದಲ್ಲಿ 2022ರಲ್ಲಿ ಒಂದು ಕಾಯಿದೆ ಬಂತು, ಮತಾಂತರ ಆಗೋರು 30 ದಿನ ಮುಂಚೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸ್ಬೇಕು, ಆಮಿಷ ಒಡ್ಡಿದ್ರೆ, ಬಲವಂತ ಮಾಡಿದ್ರೆ 3ರಿಂದ 5 ವರ್ಷ ಜೈಲು, ಹೆಂಗಸರು, ಮಕ್ಕಳು, ಎಸ್‌ಸಿ ಎಸ್‌ಟಿಯವರ ವಿಷಯದಲ್ಲಾದ್ರೆ 10 ವರ್ಷದವರೆಗೆ ಅಂತ. ಸರ್ಕಾರ ಬದಲಾಗಿ 2023ರ ಜೂನ್‌ನಲ್ಲಿ ಸಂಪುಟ ಅದನ್ನ ವಾಪಸ್ ತಗೊಳೋ ತೀರ್ಮಾನ ಮಾಡ್ತು. ಕೇಸು ಗೀಸು ಅಂತ ನಿಜವಾಗ್ಲೂ ಇದ್ರೆ ವಕೀಲರನ್ನ ಕೇಳಿ, ಅಂಕಣದೋರನ್ನಲ್ಲ. ಹೊರದೇಶದೋರು ಟೂರಿಸ್ಟ್ ವೀಸಾದಲ್ಲಿ ಬಂದು ಪ್ರಚಾರ ಮಾಡೋ ಹಾಗಿಲ್ಲ, ಅದಕ್ಕೆ ಮಿಷನರಿ ವೀಸಾ ಅಂತಾನೇ ಬೇರೆ ಇದೆ, ಆದ್ರೆ ನಿಮ್ಮ ಮನೆಗೆ ಬರೋರು ಅಚ್ಚ ಕನ್ನಡದೋರೇ ಅಂತ ನೀವೇ ಬರೆದಿದೀರಿ.

ನನ್ನ ಸ್ವಂತ ಅಭಿಪ್ರಾಯ ಕೇಳ್ತೀರಾ? 'ಬೇಡ, ಥ್ಯಾಂಕ್ಸ್' ಅಂತ ಹೇಳಿ, ಹೋಗ್ತಾರೆ. ನಾನು ಹಾಗೇ ಹೇಳಿದೀನಿ. ಒಂದ್ಸಲ ಬಿಸಿಲಲ್ಲಿ ಬಂದಿದ್ರು ಅಂತ ನೀರೂ ಕೊಟ್ಟಿದೀನಿ, ಅದರಿಂದ ನಾನೇನು ಕ್ರೈಸ್ತ ಆಗ್ಲಿಲ್ಲ. ಆದ್ರೆ ಒಂದು ವಿಷಯದಲ್ಲಿ ನಂಗೂ ಸಿಟ್ಟಿದೆ: ರೋಗಿ ಹಾಸಿಗೆ ಪಕ್ಕ ನಿಂತು ಪ್ರಾರ್ಥನೆ ಮಾಡ್ಲಾ ಅಂತ ಕೇಳೋದು. ನನ್ನ ತಂಗಿ ಹೆರಿಗೆಗೆ ಸೇರಿದ್ದಾಗ ಒಬ್ರು ಹೀಗೆ ಬಂದ್ರು, ಅವಳಿಗೋ ನೋವು, ಹೂಂ ಅನ್ನೋಕೂ ಆಗ್ದೆ ಊಹೂಂ ಅನ್ನೋಕೂ ಆಗ್ದೆ ಮಲಗಿದ್ಲು. ಅಲ್ಲೇ ಡ್ಯೂಟೀಲಿದ್ದ ನರ್ಸಮ್ಮ, ಕೊರಳಲ್ಲಿ ಸಣ್ಣ ಶಿಲುಬೆ ಇದ್ದೋರು, ಬಂದು 'ಈಗ ಬೇಡ, ಹೊರಗೆ ನಡೀರಿ' ಅಂತ ಆ ಮನುಷ್ಯನನ್ನ ಕಳಿಸಿದ್ರು. ಆಮೇಲೆ ಅಮ್ಮ ಸುಮ್ನಿರ್ಲಾರ್ದೆ ಅವರ ಹತ್ರಾನೇ 'ನೀವೊಂದು ಮಾತು ನಿಮ್ಮ ದೇವರಿಗೆ ಹೇಳಿ ಸಿಸ್ಟರ್' ಅಂದ್ರು, ಅದು ಬೇರೆ.

ಧಾರವಾಡ: ಕಿಟೆಲ್ ಎಷ್ಟು ಜನರನ್ನ ಕ್ರೈಸ್ತರನ್ನಾಗಿ ಮಾಡಿದ್ರು? ಯಾವ ಪುಸ್ತಕದಲ್ಲೂ ಹೇಳಿಲ್ಲ.

ಹೇಳ್ಕೊಳೋ ಹಂಗೆ ಇದ್ದಿದ್ರೆ ಹೇಳ್ತಿದ್ರು! ಆ ಲೆಕ್ಕದಲ್ಲಿ ಫರ್ಡಿನಾಂಡ್ ಕಿಟೆಲ್ ಮಿಷನ್ನಿಗೆ ಅಷ್ಟೇನು ಉಪಯೋಗಕ್ಕೆ ಬಂದ ಆಳಲ್ಲ. 1853ರಲ್ಲಿ ಬಂದ್ರು, ಊರ ಜನದ ಜೊತೆ ಜಾಸ್ತಿ ಓಡಾಡೋದು, ಭಾಷೆ ಭಾಷೆ ಅಂತ ಮುಳುಗಿರೋದು ದೊಡ್ಡೋರಿಗೆ ಸರಿ ಬರ್ಲಿಲ್ಲ. ಯೇಸುವಿನ ಕಥೇನ ಷಟ್ಪದೀಲಿ ಬರೆದು 'ಕಥಾಮಾಲೆ' ಅಂತ 1862ರಲ್ಲಿ ತಂದ್ರು, ಅದೇ ಅವರ ಪ್ರಚಾರದ ರೀತಿ. ಕೇಶಿರಾಜನ ಶಬ್ದಮಣಿದರ್ಪಣ 1872ಕ್ಕೆ, ನಾಗವರ್ಮನ ಛಂದೋಂಬುಧಿ 1875ಕ್ಕೆ ಸಂಪಾದಿಸಿದ್ರು. ಊರಿಗೆ ಹೋದೋರು 1883ರಲ್ಲಿ ವಾಪಸ್ ಬಂದಿದ್ದು ಪದ ಹುಡುಕೋಕೆ, ನಿಘಂಟು ಮಂಗಳೂರಿನ ಮಿಷನ್ ಪ್ರೆಸ್ಸಲ್ಲಿ ಅಚ್ಚಾಗಿ ಬಂದಿದ್ದು 1894ರಲ್ಲಿ, ಸುಮಾರು 70,000 ಪದ. ಅಷ್ಟು ಹೊತ್ತಿಗೆ ಅವರು ಜರ್ಮನಿಗೆ ಹೋಗಿಯಾಗಿತ್ತು, 1903ರಲ್ಲಿ ಟ್ಯೂಬಿಂಗನ್ನಲ್ಲಿ ತೀರ್ಕೊಂಡ್ರು.

ನಂಗೆ ಆ ನಿಘಂಟಲ್ಲಿ ಇಷ್ಟ ಆಗೋದು ಗಾದೆಗಳು. ಒಂದು ಪದ ಹುಡುಕೋಕೆ ಹೋದ್ರೆ ಅದರ ಕೆಳಗೆ ಯಾವುದೋ ಸಂತೇಲಿ, ಯಾವುದೋ ಜಗಲೀಲಿ ಯಾರೋ ಅಂದಿದ್ದು ಹಾಗೇ ಕೂತಿರುತ್ತೆ. ದೇವರ ಮಾತು ಹೇಳೋಕೆ ಬಂದ ಆಸಾಮಿ ಹೇಳೋದು ಬಿಟ್ಟು ನಮ್ಮೋರು ಬಾಯಿ ಬಿಟ್ಟಿದ್ದನ್ನೆಲ್ಲಾ ಬರ್ಕೊಂಡು ಕೂತ ಹಾಗಾಯ್ತು. ನಿಮ್ಮ ಊರಲ್ಲಿ ಲೈಬ್ರರಿಗಳಿಗೇನು ಬರ, ಹೋಗಿ ಹಳೇ ಪ್ರತಿ ಕೇಳಿ ನೋಡಿ. ಕೊಟ್ರೆ ನಿಧಾನಕ್ಕೆ ಮಗುಚಿ ಹಾಕಿ, ಹಾಳೆ ಮುರೀತವೆ.

ಮುಂದಿನ ಸಲ ನಲ್ಲಿ ನೀರು, ಬೋರ್‌ವೆಲ್ ಪ್ರಶ್ನೆಗಳು. ಬಿಲ್ಲಿನ ಫೋಟೋ ಕಳಿಸೋರು ದಯವಿಟ್ಟು ಆರ್‌ಆರ್ ನಂಬರ್ ಮುಚ್ಚಿ ಕಳಿಸಿ.